ರಾಷ್ಟ್ರಗೀತೆಯಾದ ಗಾಡಿಹಾಡು

ನಾನು ಚಿಕ್ಕವಳು, ಕಾನ್ವೆಂಟಿನಲ್ಲಿ ಐದನೇ ಕ್ಲಾಸು. ತೊಂಬತ್ತರ ದಶಕದ ಒಂದು ಭಾನುವಾರದ ಬೆಳಗ್ಗೆ. ಎಂದಿನಂತೆ ಅಕ್ಕ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಜಗ್ಗಿ ಜಗ್ಗಿ ಎರಡು ಜಡೆ ಹೆಣೆಯುತ್ತಿದ್ದಳು. ಹೌದು ಮಕ್ಕಳೇ, ಆ ಅಕ್ಕನೇ ಈಗ ನಿಮ್ಮ ಅಜ್ಜಿ. ಅಪ್ಪ ಅಂಗಳದಲ್ಲಿ ಎತ್ತುಗಳ ಮೈಯನ್ನು ಒಂದು ಹಿಡಿ ಹುಲ್ಲಿನಿಂದ ತಿಕ್ಕುತ್ತಿದ್ದರು. ಒಳಗಿನಿಂದ ರಾಗಿರೊಟ್ಟಿಯ ವಾಸನೆ ಬರುತ್ತಿತ್ತು.

ಅಷ್ಟರಲ್ಲಿ ನಾಲೆಯ ಪಕ್ಕದ ಕೆಸರಿನಲ್ಲಿ ಜೀಪೊಂದು ಹೂತುಕೊಂಡಿದೆ ಎಂದು ಸುದ್ದಿ ಬಂತು. ಹನಿ ನೀರಾವರಿ ಹೇಳಿಕೊಡಲು ಇಸ್ರೇಲಿನಿಂದ ಬಂದಿದ್ದ ವಯಸ್ಸಾದ ಅತಿಥಿಯೊಬ್ಬರು ಅದರಲ್ಲಿದ್ದರು. ಜೊತೆಗಿದ್ದ ಸಾಹೇಬರು ಟ್ರಾಕ್ಟರಿಗೆ ಕಾಯುತ್ತಾ ಅಲ್ಲೇ ಉಳಿದು, ಅತಿಥಿಯನ್ನು ಪಾಂಡವಪುರಕ್ಕೆ ಮುಟ್ಟಿಸಲು ಅಪ್ಪನನ್ನು ಕೇಳಿಕೊಂಡರು.

"ನಮ್ ಮಗೀಗೆ ಇಂಗ್ಲೀಸು ಬತ್ತದೆ. ಅವ್ಳೂ ಬತ್ತಾಳೆ ಬುಡಿ ಸಾ" ಎಂದರು ಅಪ್ಪ. ಹಾಗೆ ಹೇಳುವಾಗ ಅವರ ಕತ್ತು ಸ್ವಲ್ಪ ಉದ್ದವಾಗಿದ್ದು ನನಗೆ ಇನ್ನೂ ನೆನಪಿದೆ.

ಗಾಡಿಗೆ ಹುಲ್ಲು ಹರಡಿ, ಅಕ್ಕ ಅದರ ಮೇಲೆ ಹೊಸ ಜಮಖಾನ ಹಾಸಿಕೊಟ್ಟಳು. ಅತಿಥಿಯ ಕನ್ನಡಕಕ್ಕೆ ದಾರ ಕಟ್ಟಿತ್ತು. ಅವರ ಉಗುರಿನ ಸಂದಿಯಲ್ಲೂ ಅಪ್ಪನ ಉಗುರಿನಲ್ಲಿ ಇರುತ್ತಿದ್ದಂಥದೇ ಮಣ್ಣು. ನಾನು ಸಿಸ್ಟರ್ ಕಲಿಸಿದ್ದ ಇಂಗ್ಲಿಷನ್ನೆಲ್ಲ ಒಂದೊಂದಾಗಿ ಹೊರತೆಗೆದು ಬೀಗುತ್ತಿದ್ದೆ.

ನಾಲೆ ಏರಿ ಹತ್ತುತ್ತಲೇ ಅಪ್ಪ ಪದ ಹೇಳಲು ಶುರುಮಾಡಿದರು. ಎತ್ತುಗಳನ್ನು ಅಣ್ಣತಮ್ಮಂದಿರೆಂದು ಕರೆದು, ಊರು ಇನ್ನೇನು ಬಂತು ನಡೀರಪ್ಪಾ ಎಂದು ಓಲೈಸುವ ಪದ. ಗಂಟಲೋ ಗದ್ದೆಯ ಆಚೆಗೂ ಕೇಳುವಂಥದ್ದು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಫಾರಿನ್‌ನವರ ಮುಂದೆ ಇದೇನಿದು!

ಅತಿಥಿ ಮಾತ್ರ ಗಾಡಿಯ ಹಲಗೆಯ ಮೇಲೆ ತಾಳ ಹಾಕುತ್ತಿದ್ದರು. "ನಮ್ಮ ರಾಷ್ಟ್ರಗೀತೆಯ ರಾಗವೂ ಎತ್ತಿನ ಗಾಡಿಯ ಹಾಡಿನಿಂದಲೇ ಬಂದದ್ದು, ಗೊತ್ತಾ ಮಗು?" ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ದೇಶದೇಶ ಅಲೆಯುತ್ತಿದ್ದ ಕವಿಯೊಬ್ಬ ಹೀಬ್ರೂ ಭಾಷೆಯಲ್ಲಿ ಉದ್ದನೆಯ ಕವಿತೆ ಬರೆದನಂತೆ. ಯೂರೋಪಿನಿಂದ ಈಗಿನ ಇಸ್ರೇಲಿಗೆ ಬಂದು ಬೇಸಾಯಕ್ಕೆ ನಿಂತಿದ್ದ ಯುವಕನೊಬ್ಬ, ತನ್ನ ಹುಟ್ಟೂರಿನ ಕಡೆಯ ಗಾಡಿಹಾಡಿನ ರಾಗಕ್ಕೆ ಅದನ್ನು ಕೂಡಿಸಿದನಂತೆ. ಆ ಗೀತೆಯ ಹೆಸರಿಗೆ 'ಭರವಸೆ' ಎಂದು ಅರ್ಥ. ಚದುರಿಹೋದ ಯಹೂದಿ ಜನ ಎರಡು ಸಾವಿರ ವರ್ಷ ಮೂಡಣ ದಿಕ್ಕಿಗೆ ಕಣ್ಣುನೆಟ್ಟು, ನಮ್ಮ ನೆಲದಲ್ಲಿ ಸ್ವತಂತ್ರವಾಗಿ ಬಾಳುತ್ತೇವೆಂದು ಕಾಪಾಡಿಕೊಂಡು ಬಂದ ಭರವಸೆ.

ಆಮೇಲೆ ಅವರು ಅದನ್ನು ಮೆಲ್ಲಗೆ ಹಾಡಿದರು. ರಾಷ್ಟ್ರಗೀತೆ ಎಂದಮೇಲೆ ಅಲ್ಲಾಡದೆ ನಿಲ್ಲಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರಲ್ಲ, ನಾನು ಓಲಾಡುವ ಗಾಡಿಯಲ್ಲಿ ಎದ್ದು ನೆಟ್ಟಗೆ ನಿಂತೆ.

"ಕೂತ್ಕಳವ್ವಾ, ಬಿದ್ಗಿದ್ದೀಯೆ!" ಎಂದು ಅಪ್ಪ ನಕ್ಕರು. ಅತಿಥಿಯೂ ನಕ್ಕು, "ನಿನ್ನ ಅಪ್ಪನಿಗೆ ಇದನ್ನೆಲ್ಲ ಹೇಳು. ಅವರ ಹಾಡನ್ನು ಇನ್ನೊಮ್ಮೆ ಹಾಡುತ್ತಾರಾ ಎಂದು ಕೇಳು" ಎಂದರು.

"ಏನಂತಾವ್ರೆ ಮಗಾ?" ಅಪ್ಪ ತಿರುಗಿ ಕೇಳಿದರು.

ಮತ್ತೆ ಆ ಗಂಟಲು ಏಳುತ್ತದಲ್ಲ ಎಂಬ ನಾಚಿಕೆ ನನಗೆ. "ತಲೆನೋವಂತೆ ಕಣಪ್ಪ. ಹಾಡ್ಬ್ಯಾಡಿ ಅಂತಾವ್ರೆ" ಎಂದುಬಿಟ್ಟೆ. ಅತಿಥಿಗೆ, "ಅಪ್ಪನಿಗೆ ಗಂಟಲು ಕೆಟ್ಟಿದೆ" ಎಂದೆ.

ಅಪ್ಪ ಮುಂದಕ್ಕೆ ತಿರುಗಿದರು. ಪಾಂಡವಪುರದವರೆಗೂ ಅಚ್ಚಿನ ಕಿರುಗುಟ್ಟುವ ಸದ್ದು ಬಿಟ್ಟರೆ ಬೇರೇನಿಲ್ಲ. ಎತ್ತುಗಳಿಗೆ ಹೋ ಎನ್ನುವುದನ್ನೂ ಪಿಸುಮಾತಿನಲ್ಲೇ ಹೇಳಿದರು.

ಅತಿಥಿ ಇಳಿಯುವಾಗ ಅಪ್ಪ ಟವೆಲನ್ನು ಹೆಗಲಿನಿಂದ ತೆಗೆದು ಕೈ ಮುಗಿದರು. "ತಪ್ಪಾಯ್ತು ಸ್ವಾಮಿ. ನನ್ ಬಾಯಿ ಸುಮ್ಕಿರಾಕಿಲ್ಲ. ತಲೆನೋವು ಅಂತ ತಿಳೀನಿಲ್ಲ."

"ಏನು ಹೇಳುತ್ತಿದ್ದಾರೆ?" ಎಂದು ಅತಿಥಿ ನನ್ನ ಮುಖ ನೋಡಿದರು.

"ಥ್ಯಾಂಕ್ಸ್ ಹೇಳ್ತಿದ್ದಾರೆ" ಎಂದೆ.

ಅವರು ಅಪ್ಪನ ಎರಡೂ ಕೈಗಳನ್ನು ಹಿಡಿದು ಬಹಳ ಹೊತ್ತು ಕುಲುಕಿದರು. ಆ ಇಬ್ಬರೂ ಒಬ್ಬರಿಗೊಬ್ಬರು ಮತ್ತೆ ಸಿಗಲಿಲ್ಲ. ಅಪ್ಪನ ಹಾಡು ಆ ದೊಡ್ಡ ಗೀತೆಯ ನೆಂಟ ಎಂದು ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದವಳು ನಾನು. ಹೇಳಲೇ ಇಲ್ಲ.

ಮೊನ್ನೆ ನೀವು ಫೋನಿನಲ್ಲಿ ಒಂದೊಂದೇ ದೇಶದ ರಾಷ್ಟ್ರಗೀತೆ ಹಾಕಿ, ಇದು ಯಾವ ದೇಶ ಎಂದು ಆಡುತ್ತಿದ್ದಿರಿ. ಆ ರಾಗ ಬಂದಾಗ ನಾನು ಎದ್ದು ಅಡುಗೆಮನೆಗೆ ಹೋದೆ. ಯಾಕೆ ಚಿಕ್ಕಜ್ಜೀ ಎಂದು ಕೇಳಿದಿರಲ್ಲ, ಇದೇ ಕಾರಣ. ನಿಮ್ಮ ಫೋನು ಯಾವ ಭಾಷೆಯ ಮಾತನ್ನಾದರೂ ಇನ್ನೊಂದಕ್ಕೆ ತಿರುಗಿಸಿ ಹೇಳುತ್ತದೆ. ಅದಕ್ಕೆ ಅಪ್ಪನ ಹಾಡು ಕೇಳಿ ನಾಚಿಕೆಯಾಗುವುದಿಲ್ಲ. ಅಂದು ಆ ಇಬ್ಬರು ಹಿರಿಯರ ನಡುವೆ ಇದ್ದದ್ದು ನನ್ನದೊಂದೇ ನಾಲಿಗೆ.

ಆ ಭಾನುವಾರದ ಸಂಜೆ ಗಾಡಿ ಮನೆಗೆ ಬಂತು. ಅಪ್ಪ ಎತ್ತುಗಳನ್ನು ಕಟ್ಟಿ, ಹಗ್ಗ ಸುತ್ತುತ್ತಾ ನಿಂತಿದ್ದರು. ಪಕ್ಕದ ಮನೆಯ ದೊಡ್ಡಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಟ್ಟಲು ಹಿಡಿದು ಬಂದವರು, ಹೊಸ್ತಿಲಲ್ಲೇ ನಿಂತು ಅಪ್ಪನನ್ನು ನೋಡಿದರು.

"ಅಯ್ಯೋ, ಯಾವಾಗ್ ಬಂದ್ಯಪ್ಪಾ? ಗಾಡಿ ಸದ್ದು ಕೇಳುಸ್ತು, ನಿನ್ ಸದ್ದೇ ಇಲ್ಲ. ಬರೀ ಎತ್ತೇ ಬಂದ್ಬುಟ್ಟವೇನೋ ಅಂದ್ಕಂಡೆ ಕಣಪ್ಪ!"