ತೋಳನ ಪಾಲು

ನಮ್ಮ ಸಣ್ಣಂದಿನಲ್ಲಿ ಬ್ಯಾಸಗಿ ಸೂಟಿ ಬಿಟ್ಟ ಮರುದಿನವೇ ಪಾಮನಕಲ್ಲೂರಿನ ಬಸ್ಸು. ನಾವಿದ್ದದ್ದು ಬಳಗಾನೂರಿನಲ್ಲಿ. ಅಲ್ಲಿ ಕಾಲುವೆ ನೀರು, ನೆಲ್ಲಿನ ಗದ್ದೆ, ಸಂಜೆಯಾದರೆ ಸೊಳ್ಳೆ. ತಾತನ ಊರಲ್ಲಿ ಇಳಿದರೆ ಗಾಳಿಯೇ ಬೇರೆ. ಕಂಬಳಿಯ ವಾಸನೆ, ಕುರಿ ಹಿಕ್ಕೆಯ ವಾಸನೆ, ಹಂಚಿನ ಮೇಲೆ ಅಂಚು ಕಪ್ಪಾದ ಸಜ್ಜೆ ರೊಟ್ಟಿಯ ವಾಸನೆ. ತಾತ ನಮ್ಮ ಅವ್ವನ ಅಪ್ಪ, ಕುರಿಹಿಂಡಿನ ಯಜಮಾನ. ಅವನ ಮೈಗೆ ಆ ಮೂರೂ ವಾಸನೆ ಅಂಟಿರುತ್ತಿದ್ದವು.

ಅಂಗಳದಲ್ಲಿ ನಾವು ಆಡುತ್ತಿದ್ದದ್ದು ತೋಳ-ಕುರಿ ಆಟ. ಒಬ್ಬರ ಸೊಂಟ ಒಬ್ಬರು ಹಿಡಿದು ಸಾಲಾಗಿ ನಿಲ್ಲಬೇಕು, ತೋಳ ಆದವರು ಕೊನೆಯವರನ್ನು ಕೀಳಬೇಕು. ಎಷ್ಟು ಬೇಕಾದರೂ ಚೀರಾಡಬಹುದು, ತಪ್ಪಿಸಬಹುದು, ಆದರೆ ಹಿಡಿದ ಮೇಲೆ ಜಗ್ಗಾಡುವಂತಿಲ್ಲ. ಅದು ತೋಳನ ಪಾಲು. ಈ ಆಟ ಕಲಿಸಿದ್ದು ಶಿವುಮಾಮ, ಅವ್ವನ ತಮ್ಮ. ಗುಡ್ಡದ ತೋಳದ ಜೊತೆ ತಾತನ ಒಪ್ಪಂದವೂ ಇದೇ ಎಂದು ಹೇಳಿದವನೂ ಅವನೇ. ತೋಳ ಬಂದರೆ ಕೂಗಬೇಕು, ಕಲ್ಲು ಬೀಸಬೇಕು, ನಾಯಿ ಬಿಡಬೇಕು. ಅಷ್ಟಾದರೂ ಒಂದು ಮರಿ ಒಯ್ದರೆ ಸುಮ್ಮನಾಗಬೇಕು. ಬೆನ್ನಟ್ಟಿ ಗುಡ್ಡ ಹತ್ತಬಾರದು, ಅದು ಮರಿ ಹಾಕುವ ಗುದ್ದಕ್ಕೆ ಕೈ ಹಾಕಬಾರದು.

ಶಿವುಮಾಮನ ದನಿ ಚಲೋ ಇತ್ತು. ಕುರಿ ಕಾಯುತ್ತಲೇ ಓದಿ, ಲಿಂಗಸುಗೂರಿನ ಕಾಲೇಜು ಮುಗಿಸಿ, ಬೆಂಗಳೂರಿನ ಟೀವಿಯಲ್ಲಿ ನಿರೂಪಕನಾದ. ನೆರೆಮನೆಯ ಮಾಬುಬೀ ಚಿಗವ್ವನ ಮನೆಯಲ್ಲಿ ಮಾತ್ರ ಟೀವಿ ಇತ್ತು. ಮಾಮ ಅದರಲ್ಲಿ ಬಂದಾಗ ಓಣಿಯೆಲ್ಲ ಅಲ್ಲಿ ಕೂಡುತ್ತಿತ್ತು. ಒಂದು ಬೇಸಿಗೆಯಲ್ಲಿ ಅವನು ಕ್ಯಾಮೆರಾದವರನ್ನು ಕರೆದುಕೊಂಡು ಊರಿಗೇ ಬಂದ. ಕಾಡುಪ್ರಾಣಿಗಳ ಮೇಲೆ ಅವನದೇ ಒಂದು ಕಾರ್ಯಕ್ರಮ, ತಯಾರಿಕೆಯೂ ಅವನದೇ. ಮೊದಲನೆಯದು ನಮ್ಮ ಗುಡ್ಡದ ತೋಳ.

"ಯಾಕೋ ಶಿವ್ಯಾ, ಟೀವ್ಯಾಗ ನೋಡಿದ್ರ ಹಲ್ಲ ಕಿಸೀತಿ, ಇಲ್ಲಿ ಮಾರಿ ಗಂಟು ಹಾಕ್ಕೊಂಡು ಕುಂತಿ?" ಎಂದು ಮಾಬುಬೀ ಚಿಗವ್ವ ಕಾಡಿಸಿದಳು. ಗಂಟು ಹಾಕಿಕೊಳ್ಳುವುದಕ್ಕೆ ಕಾರಣವಿತ್ತು. ತಾತ ಹಿಂಡಿನ ನಡುವೆ ನಿಂತು ನಕ್ಕದ್ದು ಮೊದಲ ದಿನವೇ ಕ್ಯಾಮೆರಾದಲ್ಲಿ ಸಿಕ್ಕಿತ್ತು. ತೋಳ ಮಾತ್ರ ಸಿಗಲಿಲ್ಲ. ದೂರದ ಬಂಡೆಯ ಮೇಲೆ ಮಣ್ಣಿನ ಬಣ್ಣದ್ದೊಂದು ಅಲುಗಿದಂತಾಗಿ ಮಾಯವಾಗುತ್ತಿತ್ತು. ತೋಳ ಇಲ್ಲದೆ ವಾಪಸು ಹೋದರೆ ಕಾರ್ಯಕ್ರಮ ಬೇರೆಯವನ ಪಾಲಾಗುತ್ತದೆ ಎಂದು ಅವ್ವನ ಮುಂದೆ ಹೇಳಿ ಕಣ್ಣಲ್ಲಿ ನೀರು ತಂದುಕೊಂಡ.

ಕೊನೆಗೆ ಊಟಕ್ಕೆ ಕೂತಾಗ ತಾತನನ್ನೇ ಕೇಳಿದ. "ಒಂದ್ ಮರಿ ಕಟ್ಟತೀನಪ್ಪಾ ಗುಡ್ಡದ ಬುಡಕ್ಕ. ಹೆಂಗೂ ವರ್ಷಾ ವರ್ಷಾ ಒಯ್ತೈತಲ್ಲ."

ತಾತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಒಯ್ಯೋದು ಬ್ಯಾರೆ, ಕೊಡೋದು ಬ್ಯಾರೆ. ಒಯ್ಯಾಕ ಬಂದದ್ದು ನಮಗ ಅಂಜತೈತಿ. ನೀ ಕೊಟ್ಟು ರೂಢಿ ಮಾಡಿದಿ ಅಂದ್ರ ನಾಳಿ ಅಂಗಳಕ್ಕ ಬಂದು ಕೇಳತೈತಿ. ನಿನಗೇನು ಹೊಸಾದು ಹೇಳಾಕತ್ತೀನಾ?"

ಹೊಸದಲ್ಲ. ಅದೇ ಮಾತನ್ನು ನಮಗೆ ಹೇಳಿಕೊಟ್ಟವನು ಅವನು. ಆದರೂ ತಾತ ಮಸ್ಕಿಯ ಕಡೆ ಬೀಗರ ಮನೆಗೆ ಹೋದದ್ದೇ ತಡ, ಮಾಮ ಹಟ್ಟಿಯಿಂದ ಒಂದು ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋದ. ಗುಡ್ಡದ ಬುಡದಲ್ಲಿ ಗೂಟ ಹೊಡೆದು ಹಗ್ಗದಲ್ಲಿ ಕಟ್ಟಿದ. ಅದು ತಾಯಿಗಾಗಿ ಕೂಗಿದ್ದು ಓಣಿಗೆಲ್ಲ ಕೇಳುತ್ತಿತ್ತು. ನಾವು ಆಟ ಬಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆವು. ತೋಳ ಬಂತು, ಬೆಳಕು ಸಾಲಲಿಲ್ಲ. ಮರುದಿನ ಮತ್ತೊಂದು ಮರಿ ಕಟ್ಟಿದ, ಅದರ ಮರುದಿನ ಇನ್ನೊಂದು. ಮೊದಲ ದಿನ ಕತ್ತಲಾಗುವ ಹೊತ್ತಿಗೆ ಬಂದ ತೋಳ ಬರಬರುತ್ತ ಬಿಸಿಲಿರುವಾಗಲೇ ಬರತೊಡಗಿತು. ಮಾಮನಿಗೆ ಬೇಕಾದ್ದು ಸಿಕ್ಕಿತು. ನಮಗೆಲ್ಲ ಪೆಪ್ಪರಮೆಂಟು ಹಂಚಿ ಜೀಪು ಹತ್ತಿದ. ತಾತ ಬಂದು ಗೂಟ ನೋಡಿದ. ಅದನ್ನು ಕಿತ್ತು ಒಲೆಗೆ ಹಾಕಿದ.

ಗೂಟ ಕಿತ್ತರೇನು, ತೋಳಕ್ಕೆ ಜಾಗ ನೆನಪಿತ್ತು. ದಿನವೂ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಏನೂ ಸಿಗದೆ ಇನ್ನಷ್ಟು ಮುಂದೆ ಬಂತು, ಆಮೇಲೆ ಓಣಿಗೇ ಬಂತು. ಒಂದು ಮಧ್ಯಾಹ್ನ ಮಾಬುಬೀ ಚಿಗವ್ವನ ಮೊಮ್ಮಗ ಅಂಗಳದಲ್ಲಿ ಕೂತು ರೊಟ್ಟಿ ಚೂರು ಚೀಪುತ್ತಿದ್ದಾನೆ, ಎದುರಿಗೆ ತೋಳ. ಚಿಗವ್ವ ಒನಕೆ ಎತ್ತಿಕೊಂಡು ಓಡಿ ಬಂದಳು. ಅದು ಹಲ್ಲು ತೋರಿಸಲಿಲ್ಲ, ಓಡಲೂ ಇಲ್ಲ. ಏನಾದರೂ ಕೊಡುತ್ತಾರೇನೋ ಎಂಬಂತೆ ನೋಡುತ್ತ ನಿಂತಿತ್ತು ಎಂದು ಅವಳು ಆಮೇಲೆ ಹೇಳುತ್ತಿದ್ದಳು.

ಹಿರಿಯರು ಕೂಡಿದರು. ಮಕ್ಕಳಿರುವ ಓಣಿ, ಬೇರೆ ದಾರಿಯಿಲ್ಲ ಎಂದರು. ಯಾರು ಮಾಡಬೇಕು ಎಂಬ ಮಾತು ಬಂದಾಗ ತಾತ ಎದ್ದು ನಿಂತ. "ನನ್ನ ಮಗ ರೂಢಿ ಮಾಡ್ಯಾನ. ನಾನ ಬಿಡಸ್ತೀನಿ" ಎಂದ.

ನೆಲ್ಲಿನ ಹುಳಕ್ಕೆ ಹೊಡೆಯುವ ವಿಷದ ಎಣ್ಣೆಯನ್ನು ನಮ್ಮಪ್ಪನೇ ಬಳಗಾನೂರಿನಿಂದ ತಂದುಕೊಟ್ಟ. ತಾತ ಅದನ್ನು ಮಾಂಸಕ್ಕೆ ಸವರಿ ಗುಡ್ಡದ ಬುಡದಲ್ಲಿಟ್ಟ. ಬೆಳಗಾಗುವುದರೊಳಗೆ ತಾಯಿತೋಳವೂ ಅದರ ಮರಿಗಳೂ ಹಳ್ಳದ ಉಸುಕಿನಲ್ಲಿ ಬಿದ್ದಿದ್ದವು. ತಾತ ಯಾರನ್ನೂ ಹತ್ತಿರ ಬಿಡದೆ ತಾನೇ ಕುಣಿ ತೋಡಿ ಮುಚ್ಚಿದ. ಅವ್ವ ಮಾಮನಿಗೆ ಫೋನು ಮಾಡಿ ಅಳುತ್ತ ಎಲ್ಲ ಹೇಳಿದಳು. ಅವನು, "ಅವುಗಳ ಫೋಟೋ ಯಾರಾರ ತಗದಾರೇನಕ್ಕಾ?" ಎಂದು ಕೇಳಿದನಂತೆ.

ಮಳೆಗಾಲದಲ್ಲಿ ಕಾರ್ಯಕ್ರಮ ಬಂತು, ನೋಡಲು ನಾವೂ ಬಳಗಾನೂರಿನಿಂದ ಹೋದೆವು. ಮಾಬುಬೀ ಚಿಗವ್ವನ ಪಡಸಾಲೆ ತುಂಬಿತ್ತು. ಹಿಂಡಿನ ನಡುವೆ ತಾತ ನಕ್ಕ. ಆಮೇಲೆ ತೋಳ ಬಂತು, ಮರಿಯನ್ನು ಕಚ್ಚಿ ಎತ್ತಿತು. ಅಚ್ಚ ಬೆಂಗಳೂರಿನ ಕನ್ನಡದಲ್ಲಿ ಮಾಮನ ದನಿ ಹೇಳುತ್ತಿತ್ತು: ಈ ನೆಲದ ಕುರಿಗಾಹಿಗಳು ತೋಳಕ್ಕೂ ಒಂದು ಪಾಲು ಬಿಡುತ್ತಾರೆ, ಮನುಷ್ಯ ಮತ್ತು ತೋಳ ಇಲ್ಲಿ ಇಂದಿಗೂ ಜೊತೆಯಾಗಿ ಬಾಳುತ್ತಿದ್ದಾರೆ.

ತಾತ ಟೀವಿಯ ಹತ್ತಿರ ಬಗ್ಗಿ ನೋಡಿ, "ಹಗ್ಗ ಎಲ್ಲೈತಿ? ಕಾಣವಲ್ದು" ಎಂದ. ಎದ್ದು ಹೊರಗೆ ಹೋದ.

ಆ ಕಾರ್ಯಕ್ರಮದಿಂದಲೇ ಮಾಮ ದೊಡ್ಡವನಾದ. ಹುಲಿ, ಆನೆ, ಕಾಳಿಂಗ, ಎಲ್ಲೆಲ್ಲಿಯ ಕಾಡುಗಳೋ, ಶಾಲು ಹಾರಗಳೋ. ಈಗ ಅವನ ಕೈಕೆಳಗೆ ಹತ್ತಾರು ಜನ. ತಾತ ಸಾಯುವವರೆಗೂ ಅವನ ಜೊತೆ ಒಂದೇ ಸಾಲಿನಲ್ಲಿ ಉಣ್ಣಲಿಲ್ಲ. ಗುಡ್ಡದಲ್ಲಿ ಆಮೇಲೆ ತೋಳ ಮರಿ ಹಾಕಲಿಲ್ಲ. ನಾಯಿಗಳ ಹಿಂಡು ಸೇರಿಕೊಂಡಿದೆ, ಹಟ್ಟಿಗಳಿಗೆಲ್ಲ ತಂತಿಬಲೆ ಬಂದಿದೆ.

ತಾತ ಒಂದು ಫೋಟೋ ಕೂಡ ತೆಗೆಸಿಕೊಂಡವನಲ್ಲ. ಅವನು ನಡೆದಾಡುವುದು, ನಗುವುದು ಕಾಣಬೇಕೆಂದರೆ ನಮಗಿರುವುದು ಆ ಕಾರ್ಯಕ್ರಮವೊಂದೇ. ಅವ್ವನಿಗೆ ಅಪ್ಪನ ನೆನಪಾದಾಗ ನನ್ನ ಮಗಳ ಕೈಯಲ್ಲಿ ಮೊಬೈಲಿನಲ್ಲಿ ಹಾಕಿಸಿಕೊಳ್ಳುತ್ತಾಳೆ. ತಾತ ಹಿಂಡಿನ ನಡುವೆ ನಿಂತು ನಗುತ್ತಾನೆ. ಅವನ ನಗು ಮುಗಿಯುವುದರೊಳಗೆ ಅವ್ವ, "ಸಾಕು, ಆರಸವ್ವ" ಎನ್ನುತ್ತಾಳೆ. ಮುಂದೇನಿದೆ ಎಂದು ನನ್ನ ಮಗಳು ಕೇಳುತ್ತಾಳೆ. ಮುಂದೇನಿಲ್ಲ ಎನ್ನುತ್ತೇವೆ.