ಹತ್ತೊಂಬತ್ತು ಉಗುರಿನ ಮರಿ

ನಾಯಿಮರಿ ಆರಿಸುವುದು ಇಷ್ಟು ತಲೆನೋವಿನ ಕೆಲಸ ಎಂದು ಗೊತ್ತಿದ್ದರೆ ನಾನು ಆ ಉಸಾಬರಿಗೇ ಹೋಗುತ್ತಿರಲಿಲ್ಲ. ಹೆಣ್ಣು ನೋಡಲು ಬಂದಾಗ ನಮ್ಮವರು ನನ್ನನ್ನು ಹತ್ತು ನಿಮಿಷ ನೋಡಿ ಒಪ್ಪಿದ್ದರು. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ಹಲಸೂರಿನ ಒಬ್ಬೊಬ್ಬರಿಗೂ ಒಂದೊಂದು ಅಭಿಪ್ರಾಯವಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ನಾವು ಕಲಬುರ್ಗಿ ಕಡೆಯವರು. ಹಲಸೂರಿನ ಒಂದು ವಠಾರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಮ್ಮವರು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಗೆ ಹೋಗುತ್ತಿದ್ದರು, ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಹಗಲು ಮನೆಯಲ್ಲಿ ಇರುತ್ತಿದ್ದವರು ಮಾವ, ಮತ್ತು ಮಧ್ಯಾಹ್ನ ನರ್ಸರಿಯಿಂದ ಬರುವ ನಾಲ್ಕು ವರ್ಷದ ಮಗಳು. ಮಾವ ಇದೇ ಊರಿನಲ್ಲಿ ಮೂವತ್ತು ವರ್ಷ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತವರು. ಆ ಮೆಷಿನ್ನು ಅವರ ಕಿವಿಗಳನ್ನು ತಾನಿಟ್ಟುಕೊಂಡು ಅವರನ್ನು ಮನೆಗೆ ಕಳಿಸಿತ್ತು. ಇದು ವಠಾರಕ್ಕೆಲ್ಲ ಗೊತ್ತು. ಮನೆಯೊಳಗೆ ಮಾತ್ರ ಯಾರೂ ಆ ಮಾತೆತ್ತುವಂತಿರಲಿಲ್ಲ, ಅವರೂ ಒಪ್ಪುತ್ತಿರಲಿಲ್ಲ. ಕರೆದಾಗ ತಿರುಗದಿದ್ದರೆ, "ಏನೋ ವಿಚಾರ ಮಾಡ್ಲಿಕತ್ತಿದ್ದೆ" ಎನ್ನುತ್ತಿದ್ದರು.

ನನ್ನ ಪಾಡು ಇನ್ನೂ ವಿಚಿತ್ರ. ನಮ್ಮ ಕಡೆ ಸೊಸೆಯಾದವಳು ಮಾವನ ಎದುರು ತಲೆ ಮೇಲೆ ಸೆರಗು ಹೊದ್ದು, ಮುಖ ಪಕ್ಕಕ್ಕೆ ತಿರುಗಿಸಿ, ಮೆಲ್ಲಗೆ ಮಾತಾಡಬೇಕು. ದನಿ ಎತ್ತಿದರೆ ತವರಿನ ಮಾನ ಹೋಯಿತು. ಕೂಗಿದರೂ ಕೇಳಿಸದ ಮನುಷ್ಯರಿಗೆ ನಾನು ಆರು ವರ್ಷ ಗೋಡೆ ನೋಡುತ್ತ ಪಿಸುಗುಟ್ಟಿದ್ದೇನೆ. "ಊಟಕ್ಕ ಬರ್ರಿ" ಎಂದರೆ ಅವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಕೊನೆಗೆ ತಟ್ಟೆಯನ್ನೇ ಮುಂದೆ ಇಡುತ್ತಿದ್ದೆ.

ಒಂದು ಮಧ್ಯಾಹ್ನ ಮಗಳು ಬಾಗಿಲು ಬಡಿದು ಬಡಿದು ಸಾಕಾಗಿ ಮೆಟ್ಟಿಲ ಮೇಲೆ ಬಿಸಿಲಿನಲ್ಲೇ ಮಲಗಿಬಿಟ್ಟಿದ್ದಳು. ಬಾಗಿಲು ನೇರ ರಸ್ತೆಗೆ ತೆರೆಯುವುದರಿಂದ ಒಳಗಿನ ಚಿಲಕ ಹಾಕಲೇಬೇಕಿತ್ತು. ವಠಾರದ ಯಜಮಾನಿ ಮಗುವನ್ನು ನೋಡಿ ಎತ್ತಿಕೊಂಡು ಹೋಗಿದ್ದರು. ಸಂಜೆ ನಾನು ಬಂದಾಗ ಅವಳ ಕೆನ್ನೆ ಕೆಂಪಗೆ ಸುಟ್ಟಿತ್ತು, ಫ್ರಾಕು ಬೆವರಿನಿಂದ ಒದ್ದೆಯಾಗಿತ್ತು. ನನಗೆ ಮಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿದ್ದಿ ಹತ್ತಿತ್ತು" ಎಂದರು ಅವರು, ನನ್ನ ಕಡೆ ನೋಡದೆ.

ನಮ್ಮವರು ಅಂದೇ ತೀರ್ಮಾನ ಮಾಡಿದರು. "ಅಪ್ಪಗ ಊರಿಗಿ ಕಳಸ್ತೀನಿ. ಅಣ್ಣನ ಮನ್ಯಾಗ ಇರ್ಲಿ." ಭಾವನ ಮನೆಯಲ್ಲಿ ಮಾವನಿಗೆ ಏನು ಕಾದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಅವರನ್ನು ಮಾತಾಡಿಸುವವರಿಲ್ಲ. ಇಲ್ಲಾದರೆ ಸಂಜೆ ಕೆರೆಯ ಪಕ್ಕದ ಕಟ್ಟೆಯಲ್ಲಿ ಹಳೆಯ ಪ್ರೆಸ್ಸಿನವರೇ ನಾಲ್ಕು ಜನ ಕೂತಿರುತ್ತಾರೆ. ಎಲ್ಲರದೂ ಅದೇ ಕಿವಿ. ಯಾರೂ ಯಾರಿಗೂ ಏನೂ ವಿವರಿಸಬೇಕಿಲ್ಲ.

ನಾಯಿಯ ಮಾತು ತೆಗೆದದ್ದು ಯಜಮಾನಿ. "ಒಂದು ನಾಯಿ ಸಾಕ್ಕೊಳ್ರೀ. ಯಾರಾದ್ರೂ ಬಾಗ್ಲು ತಟ್ಟಿದ್ರೆ ಅದು ಬೊಗಳತ್ತೆ, ತಾತ ಎದ್ದು ಬರ್ತಾರೆ." ನಮ್ಮವರು ಅರೆಮನಸ್ಸಿನಿಂದ ಒಪ್ಪಿದರು. ಇದೂ ಆಗದಿದ್ದರೆ ಊರೇ ಗತಿ ಎಂದರು. ನಾನು ಅಡುಗೆ ಮಾಡುತ್ತ ಒಮ್ಮೆ ಕೇಳಿದೆ, "ಬೊಗಳಿದ್ದು ಅವರಿಗಿ ಕೇಳ್ತದೇನ್ರಿ?" ಅವರು, "ಜೋರ ಬೊಗಳೂದು ತರೋಣ ತಗೋ" ಎಂದರು. ಅಲ್ಲಿಗೆ ಮುಗಿಯಿತು. ಮಾವನಿಗೆ ಮಾತ್ರ ಕಳ್ಳರ ಕಾಟಕ್ಕೆ ನಾಯಿ ಎಂದು ಹೇಳಿದೆವು.

ಆಮೇಲೆ ಶುರುವಾಯಿತು ಉಗುರಿನ ಪುರಾಣ. ಹದಿನೆಂಟು ಉಗುರಿರುವ ಮರಿಯೇ ಮನೆಗೆ ಆಗಿಬರುವುದು, ಇಪ್ಪತ್ತಿದ್ದರೆ ಮನೆಯ ಹಿರಿಯರಿಗೆ ಕೇಡು ಎಂದರು ಯಜಮಾನಿ. ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನ್ ಮಾಡಿದರೆ ಅವಳು ಇಪ್ಪತ್ತಕ್ಕೆ ಒಂದೂ ಕಡಿಮೆ ಇರಕೂಡದು ಎಂದಳು. ನಮ್ಮವರ ಕಾರ್ಖಾನೆಯ ಗೆಳೆಯರ ಪ್ರಕಾರ ಉಗುರೆಲ್ಲ ಸುಳ್ಳು, ಬಾಯೊಳಗಿನ ಅಂಗಳು ಕಪ್ಪಗಿರಬೇಕು. ಕತ್ತಿನ ತೊಗಲು ಹಿಡಿದು ಎತ್ತಿದರೆ ಕುಂಯ್ ಎನ್ನಬಾರದು. ಗಂಡಾದರೆ ಓಡಿಹೋಗುತ್ತದೆ, ಹೆಣ್ಣಾದರೆ ಬೀದಿನಾಯಿಗಳು ಬಾಗಿಲಲ್ಲೇ ಠಿಕಾಣಿ ಹೂಡುತ್ತವೆ. ಕಾಲರ್ ಹೊಲಿಯುವಾಗಲೂ ನನ್ನ ತಲೆಯಲ್ಲಿ ಉಗುರುಗಳದೇ ಲೆಕ್ಕ. ಹಿರಿಯರಿಗೆ ಕೇಡು ಎಂಬ ಮಾತನ್ನು ಮರೆಯಲಾಗುತ್ತಿರಲಿಲ್ಲ. ಅವ್ವನ ಮಾತು ಮೀರಲೂ ಆಗದು, ಯಜಮಾನಿಯ ಮಾತು ತಳ್ಳಲೂ ಆಗದು.

ಫ್ರೇಜರ್ ಟೌನಿನ ಒಂದು ಹಳೆಯ ಮನೆಯಲ್ಲಿ ಮರಿಗಳಿವೆ ಎಂದು ಯಜಮಾನಿಯೇ ವಿಳಾಸ ಕೊಟ್ಟರು. ಒಂದು ಭಾನುವಾರ ಬೆಳಿಗ್ಗೆ ಮಾವ, ಮಗಳು, ನಾವಿಬ್ಬರು ಹೊರಟೆವು. ಹೆಂಚಿನ ಮನೆ, ಮುಂದೆ ದೊಡ್ಡ ಕಬ್ಬಿಣದ ಗೇಟು, ಅಂಗಳದ ತುಂಬ ಹೂಕುಂಡಗಳು. ಗೌನು ತೊಟ್ಟ ವಯಸ್ಸಾದ ಆಂಟಿಯೊಬ್ಬರು ಮೂರು ಮರಿಗಳನ್ನು ತಂದು ಬಿಟ್ಟರು. ಒಂದು ಕಂದು, ಒಂದು ಕಪ್ಪು, ಒಂದಕ್ಕೆ ಮೈಯೆಲ್ಲ ಚುಕ್ಕೆ.

ನಾನು ಕೂತು ಉಗುರೆಣಿಸತೊಡಗಿದೆ. ನಾಯಿಮರಿಯ ಉಗುರೆಣಿಸಿದವರಿಗಷ್ಟೇ ಆ ಕಷ್ಟ ಗೊತ್ತು. ಮೂರನೆಯ ಕಾಲಿಗೆ ಬರುವಷ್ಟರಲ್ಲಿ ಅದು ಬೆರಳು ಕಚ್ಚುತ್ತದೆ, ಮತ್ತೆ ಒಂದರಿಂದ ಶುರು. ಕಂದು ಮರಿಗೆ ಹದಿನೆಂಟು, ಅಂಗಳೂ ಕಪ್ಪು. ಎತ್ತುವ ಮುಂಚೆಯೇ ಬೊಗಳಿ ಅಂಗಳ ಕಿತ್ತುಹಾಕುತ್ತಿತ್ತು. ಕಪ್ಪು ಮರಿಗೆ ಇಪ್ಪತ್ತು, ಆದರೆ ಎಣಿಸುತ್ತಿರುವಾಗಲೇ ನಿದ್ದೆಹೋಯಿತು. ಚುಕ್ಕೆ ಮರಿಯದು ಎಣಿಸಿದಷ್ಟು ಸಲವೂ ಹತ್ತೊಂಬತ್ತು. ಒಂದು ಹಿಂಗಾಲಿಗೆ ನಾಲ್ಕು, ಇನ್ನೊಂದಕ್ಕೆ ಐದು. ಹತ್ತೊಂಬತ್ತರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ನಾನು ತಬ್ಬಿಬ್ಬಾಗಿ ಆಂಟಿಯ ಮುಖ ನೋಡಿದೆ.

"ನೈಲ್ಸ್ ಎಲ್ಲಾ ಏನಕ್ಕಮ್ಮಾ ಕೌಂಟ್ ಮಾಡ್ತೀರಾ?" ಎಂದರು ಅವರು. "ಯಾರ್ ಜೊತೆ ಇರುತ್ತೋ ಅವರನ್ನ ಕೇಳಿ."

ಅವರನ್ನು ನಾವು ಕೇಳಿರಲೇ ಇಲ್ಲ. ಮಾವ ಗೇಟಿಗೆ ಬೆನ್ನು ಮಾಡಿ ಮೊಮ್ಮಗಳಿಗೆ ಹೂಕುಂಡ ತೋರಿಸುತ್ತ ನಿಂತಿದ್ದರು. ಅಷ್ಟರಲ್ಲಿ ಸೊಪ್ಪಿನವಳು ಗೇಟು ದಬ್ಬಿದಳು. ಕಬ್ಬಿಣ ಕಿರ್ರೆಂದಿತು. ಕಂದು ಮರಿ ಗೇಟಿನತ್ತ ನುಗ್ಗಿ ಗಂಟಲು ಹರಿಯುವಂತೆ ಬೊಗಳಿತು. ಚುಕ್ಕೆ ಮರಿ ಓಡಿಬಂದು ಮಾವನ ಕಾಲನ್ನು ಎರಡೂ ಮುಂಗಾಲಿನಿಂದ ಕೆರೆಯಿತು. ಅವರು ಬಗ್ಗಿ ನೋಡಿದರು, ಆಮೇಲೆ ತಿರುಗಿ ಗೇಟು ನೋಡಿದರು. ಆ ಮರಿಗೆ ಭಯವಾಯಿತೋ, ಅದರ ಸ್ವಭಾವವೇ ಹಾಗೋ, ನನಗೆ ಈಗಲೂ ಗೊತ್ತಿಲ್ಲ.

ನಮ್ಮವರು ಕಂದು ಮರಿಯನ್ನು ಎತ್ತಿಕೊಂಡಾಗಿತ್ತು. "ಅಪ್ಪಾ, ಇದೇ ಛಲೋ ಅದ. ಎಷ್ಟು ಜೋರ ಬೊಗಳ್ತದ ನೋಡು" ಎಂದು ಕಿವಿಯ ಹತ್ತಿರ ಹೋಗಿ ಕೂಗಿದರು.

ಮಾವ ತಲೆಯಾಡಿಸಿದರು. "ಅದು ಬೊಗಳಿದ್ದು ನನಗ ಕೇಳಸಲಿಲ್ಲ."

ಆರು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಆ ಮಾತು ಬಂತು. ಅವರು ಚುಕ್ಕೆ ಮರಿಯನ್ನು ಎತ್ತಿಕೊಂಡು, ಅದನ್ನೇ ನೋಡುತ್ತ ಹೇಳಿದರು. "ಕೂಸು ಬಾಗಲಾ ಬಡದದ್ದು ಭೀ ಕೇಳಸಲಿಲ್ಲ. ನಿದ್ದಿ ಹತ್ತಿತ್ತು ಅಂತ ಸುಳ್ಳ ಹೇಳಿದೆ. ಎಚ್ಚರೇ ಇದ್ದೆ. ಇದು ಮೈ ಮುಟ್ಟಿ ಹೇಳ್ತದ, ಇದೇ ಇರ್ಲಿ." ಮತ್ತೆ, "ನನಗ ಊರಿಗಿ ಕಳಸೂ ಮಾತು ನಡದದ ಅಂತ ಗೊತ್ತದ. ಕೇಳಿಲ್ಲ. ನಿಮ್ಮ ಮಾರಿ ನೋಡೇ ತಿಳೀತು" ಎಂದರು.

ನಮ್ಮವರು ಬಾಯಿ ತೆರೆದರು, ಮುಚ್ಚಿದರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗಿತ್ತು. ಎಚ್ಚರವಿದ್ದೂ ನಿದ್ದೆ ಎಂದು ಹೇಳಿಕೊಳ್ಳುವಾಗ ಆ ಮನುಷ್ಯರಿಗೆ ಎಷ್ಟು ಸಂಕಟವಾಗಿರಬೇಕು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಮಾವ ಮಗನ ಮುಖವನ್ನೇ ನೋಡುತ್ತಿದ್ದರು.

"ಏನಂದಿ? ಇನ್ನೊಮ್ಮಿ ಅನ್ನು" ಎಂದರು.

ಮಗ ಏನೂ ಅಂದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಹೋಗಿ ಮಾವನ ಎದುರಿಗೇ ನಿಂತೆ, ಸೆರಗು ಹಿಂದಕ್ಕೆ ಸರಿಸಿ ಮುಖ ಕಾಣುವಂತೆ ಮಾಡಿದೆ. "ನಿಮಗ ಎಲ್ಲೂ ಕಳಸಂಗಿಲ್ಲ್ರಿ ಮಾವಾ. ನಮ್ಮ ಸಂಗಟೇ ಇರ್ರಿ" ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಸೊಪ್ಪಿನವಳು ಬುಟ್ಟಿ ಇಳಿಸುವುದನ್ನು ಬಿಟ್ಟು ನಮ್ಮ ಕಡೆ ನೋಡಿದಳು.

ಮಾವ ಮರಿಯನ್ನು ನನ್ನ ಕೈಗೆ ಕೊಟ್ಟು ಕೇಳಿದರು, "ಇಷ್ಟು ವರ್ಷ ಹಿಂಗ ಯಾಕ ಮಾತಾಡ್ಲಿಲ್ಲವ್ವಾ ನೀ?"