ಹಿಂದಿನ ಸಾಲಿನ ಪೇರಲ

ಮನೆಯಲ್ಲೇ ಕಾಸಿದ ಜಾಮನ್ನು ಸೇಡಂ ಬಸ್‌ಸ್ಟ್ಯಾಂಡಿನ ಎದುರು ಮಾರುತ್ತಿದ್ದಾಕೆ, ಬಾಟಲಿಯ ಮುಚ್ಚಳ ಬಡಿದು ಹೇಳುತ್ತಿದ್ದುದು ಒಂದೇ ಮಾತು: "ತಿಂದು ನೋಡ್ರಿ, ಆಮ್ಯಾಲ ಬೈರಿ."

ಹೆಚ್ಚು ಮಾರಾಟವಾದ ಜಾಮಿಗೆ ಮುಂದಿನ ಸಾಲು, ಆಗದ್ದಕ್ಕೆ ಹಿಂದಿನದು. ಅದು ಆಕೆಯ ಕಾಯಿದೆ. ಮಾವು ವರ್ಷಗಟ್ಟಲೆ ಮುಂದಿತ್ತು, ನಡುವೆ ಒಂದು ವರ್ಷ ಅನಾನಸ್ ಅದನ್ನು ಹಿಂದೆ ತಳ್ಳಿತ್ತು. ಆಕೆಗೆ ಜೀವವಾಗಿದ್ದ ಪೇರಲ ಮಾತ್ರ ಹಿಂದೆಯೇ. ಈ ಸಲವೂ ಹೋಗದಿದ್ದರೆ ಪೇರಲ ಕಾಸುವುದನ್ನೇ ಬಿಡುತ್ತೇನೆಂದಳು.

ಆಕೆ ಊಟಕ್ಕೆ ಹೋದಾಗ ಅಂಗಡಿ ಕಾಯಲು ಕೂತವನು ನಾನು, ಊರಿಗೊಬ್ಬನೇ ಕಿಲಾಡಿ. ಬಂದವರಿಗೆಲ್ಲ, "ಪೇರಲ ಮುಟ್ಟಬ್ಯಾಡ್ರಿ, ಎಲ್ಲಾ ಬುಕ್ ಆಗ್ಯಾವ" ಎಂದೆ. ಜನ ಜಗಳವಾಡಿ ಒಯ್ದರು!

ಎರಡೇ ವರ್ಷದಲ್ಲಿ ಮಾವು ಹಿಂದೆ, ಪೇರಲ ಮುಂದೆ. ನಾನು ಅವತ್ತಿನ ಸುಳ್ಳನ್ನು ಆಕೆಗೆ ಹೇಳಿ ಮೀಸೆ ತಿರುವಿದೆ: "ಎಲ್ಲಾ ನನ್ನ ಕರಾಮತ್ತು!"

ಆಕೆ ನಕ್ಕಳು. "ಮೊದಲನೇ ಬಾಟ್ಲಿ ನಿಮ್ಮ ಸುಳ್ಳಿಗಿ ಹೋತು ಚಾಚಾ. ಎರಡನೇದು ಕೇಳ್ಕೋತ ಬಂದಾರಲ್ಲ, ಅದು ನನ್ನ ಕೈರುಚಿಗಿ."